ವಿಭೂತಿಯ ಮೇಲಿನ ವೀರಭದ್ರ

ಗಿರಾವೀನ್, ಸಿಡ್ನಿ
೯ ಮಾರ್ಚ್ ೨೦೨೫

ಪಲ್ಲವಿ,

ಈ ಕಾಗದ ನಿನ್ನ ಕೈಗೆ ಮುಟ್ಟುತ್ತದೋ ಇಲ್ಲವೋ ತಿಳಿಯದು. ಪಕ್ಕದ ಮನೆಯ ಚಂದ್ರಪ್ರಭಾ ಅವರು ನಿನ್ನ ವಿಳಾಸವನ್ನು ಇಂಗ್ಲಿಷಿನಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಟ್ಟರು. ಅದನ್ನು ನೋಡಿ ನೋಡಿ ರಂಗೋಲಿ ಎಳೆದ ಹಾಗೆ ಎಳೆದಿದ್ದೇನೆ. ಟಾರ್ನೀಟ್ ಅನ್ನುವುದರಲ್ಲಿ ಒಂದು ಅಕ್ಷರ ಹೆಚ್ಚಾಯಿತೇನೋ ಅನಿಸಿ ಇನ್ನೊಂದು ಪಾಕೀಟು ತಂದು ಮತ್ತೆ ಬರೆದೆ. ಸ್ಟ್ಯಾಂಪ್ ಒಂದು ಸಾಕು ಅಂದರು. ನಾನು ಎರಡು ಹಚ್ಚಿದ್ದೇನೆ.

ನನ್ನ ಬರವಣಿಗೆ ನಿನಗೆ ಗೊತ್ತೇ ಇದೆ. ನಾಲ್ಕನೇ ಇಯತ್ತೆ, ಅದೂ ಸುಗ್ಗಿಗೆ ಒಮ್ಮೆ ಬಿಟ್ಟು, ತಮ್ಮ ಹುಟ್ಟಿದಾಗ ಒಮ್ಮೆ ಬಿಟ್ಟು, ಆಮೇಲೆ ಪೂರಾ ಬಿಟ್ಟದ್ದು. ತಪ್ಪಿದ್ದರೆ ನೀನೇ ತಿದ್ದಿ ಓದಿಕೋ. ಫೋನ್ ನೀನು ಎತ್ತುವುದಿಲ್ಲ. ಧ್ವನಿ ಕಳಿಸಿದರೆ ಕೇಳಿದ ಗುರುತು ಬರುವುದಿಲ್ಲ. ಈ ಮನೆಯ ಗೋಡೆಗಳು ಬೇರೆ ತೆಳು, ಕೆಳಗೆ ಕೆಮ್ಮಿದರೆ ಮೇಲೆ ಕೇಳುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಪ್ಪ ಹೋಗಿ ಇವತ್ತಿಗೆ ಮೂವತ್ತಾರು ದಿನ. ಅತ್ತುಬಿಡಿ, ಹಗುರಾಗುತ್ತದೆ ಅಂತ ಬಂದವರೆಲ್ಲ ಅನ್ನುತ್ತಾರೆ. ಅಳು ಬರುವುದಿಲ್ಲ. ಬರುವುದು ಬೇರೆ ಬೇರೆ ಚಿಂತೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ. ಈ ವಾರ ಹೊರಗಿಡಬೇಕಾದದ್ದು ಹಳದಿ ಮುಚ್ಚಳದ ಕಸದ ಡಬ್ಬಿಯೋ ಹಸಿರಿನದೋ. ಸೂರಿನಲ್ಲಿರುವ, ಹೊಗೆ ಬಂದರೆ ಕೂಗುವ ಯಂತ್ರ ಆಗಾಗ ಕುಂಯ್ ಅನ್ನುತ್ತದೆ, ಅದು ಸುಮ್ಮನೆ ಅನ್ನುವುದೋ ಏನಾದರೂ ಹೇಳುವುದೋ. ಅವರ ಚಹಾದ ಕಪ್ಪನ್ನು ದಿನಾ ತೊಳೆದು ದಿನಾ ಬೋರಲು ಹಾಕುತ್ತೇನೆ. ಯಾರೂ ಕುಡಿದಿರುವುದಿಲ್ಲ.

ಮಣ್ಣಾದ ನಾಲ್ಕನೇ ದಿನ ನಡೆದದ್ದು ನನ್ನ ಕಣ್ಣ ಮುಂದೆಯೇ ಇದೆ. ನೀನು ಅಪ್ಪನ ವಿಭೂತಿ ಡಬ್ಬಿ ತೆಗೆದು ನೋಡಿದೆ. "ವೈನಿ, ಇದರಾಗಿನ ನಾಣ್ಯ ನೀವೇನರ ತೆಗದಿಟ್ಟೀರೇನು?" ಅಂತ ನಿನ್ನ ಅತ್ತಿಗೆ ಶ್ರೀಲಕ್ಷ್ಮಿಯನ್ನು ಕೇಳಿದೆ. ಆಕೆ "ನಾನ್ಯಾಕೆ ತಗೊಳ್ಳಲಿ?" ಅಂದಳು. "ಮತ್ತ ಈ ಮನ್ಯಾಗ ಯಾರು ತಗೋತಾರ?" ಅಂದೆ ನೀನು. ನಿನ್ನ ಅಣ್ಣ ಅಭಿನವ "ಏನ್ ಮಾತಾಡ್ಲಿಕತ್ತೀ, ಖಬರ್ ಐತೇನ್ ನಿನಗ?" ಅಂದ. ನೀನು ಬ್ಯಾಗ್ ಎತ್ತಿಕೊಂಡು ಹೊರಟೆ. ನಾನು ಕುರ್ಚಿಯಲ್ಲಿ ಕೂತಿದ್ದೆ. ಎದ್ದು ಬಾಗಿಲಿಗೂ ಬರಲಿಲ್ಲ. ಯಾಕೆ ಏಳಲಿಲ್ಲವೋ.

ನಾಣ್ಯ ಇಲ್ಲೇ ಎಲ್ಲಿಯೋ ಇದ್ದೀತು. ಹುಡುಕುತ್ತೇನೆ. ನೀನು ಅಲ್ಲಿ ಥಂಡಿಯಲ್ಲಿ ಕಿವಿಗೆ ಕಟ್ಟಿಕೊಳ್ಳದೆ ಓಡಾಡಬೇಡ.

ನಿನ್ನ ಅವ್ವ
ಗಿರಿಜವ್ವ


ಟಾರ್ನೀಟ್, ಮೆಲ್ಬರ್ನ್
೩೦ ಮಾರ್ಚ್ ೨೦೨೫

ಅವ್ವ,

ಕಾಗದ ಮುಟ್ಟಿತು. ವಿಳಾಸ ಸರಿಯಾಗಿಯೇ ಇತ್ತು.

ಫೋನ್ ಮಾಡು ಅಂತ ಯೋಗೀಶ ದಿನಾ ಹೇಳುತ್ತಾನೆ. ಮಾಡಿದರೆ ನೀನು ಊಟ ಆಯಿತಾ ಅನ್ನುತ್ತೀ, ನಾನು ಆಯಿತು ಅನ್ನುತ್ತೇನೆ, ಗಂಡನ ಮಾತು ಕೇಳಿದ ಹಾಗೂ ಆಗುತ್ತದೆ. ಅಷ್ಟಕ್ಕೆ ಮುಗಿಯುತ್ತದೆ. ಅದಕ್ಕಿಂತ ಬರೆಯುವುದೇ ವಾಸಿ. ನೀನೂ ಬರಿ.

ಇಲ್ಲಿ ಎಲ್ಲ ಹಾಗೇ ಇದೆ. ಇಲ್ಲಿನ ಡೆಂಟಿಸ್ಟ್ ಪರೀಕ್ಷೆ ಇನ್ನೂ ಒಂದು ಭಾಗ ಉಳಿದಿದೆ. ಅಲ್ಲಿಯವರೆಗೆ ಕ್ಲಿನಿಕ್‌ನಲ್ಲಿ ಡಾಕ್ಟರ ಪಕ್ಕ ನಿಂತು ಬೇರೆಯವರ ಬಾಯಿಯ ನೀರು ಎಳೆಯುತ್ತೇನೆ. ಸಿಡ್ನಿಯಿಂದ ಬಂದ ಮೇಲೆ ಒಂದು ದಿನವೂ ರಜೆ ಹಾಕಿಲ್ಲ. ಹಾಕಬೇಕು ಅನಿಸಿಲ್ಲ.

ನನಗೆ ಬಂಗಾರ ಬೇಕಾಗಿಲ್ಲ ಅನ್ನುವುದು ನಿನಗೆ ಗೊತ್ತಿರಲಿ. ಹುಬ್ಬಳ್ಳಿ ಮನೆಯ ಅಟ್ಟದ ಮೇಲೆ ಅಪ್ಪ ವಿಭೂತಿ ಮಾಡುತ್ತಿದ್ದದ್ದು ನೆನಪಿದೆಯಾ? ಡಿಪೋದ ಕೆಲಸ ಮುಗಿಸಿ ಬಂದು ಸ್ನಾನ ಮಾಡಿ, ಶೋಧಿಸಿದ ಬೂದಿಗೆ ನೀರು ಹಾಕಿ ನಾದುತ್ತಿದ್ದ. ಉಂಡೆ ಕಟ್ಟಿ ಚಪ್ಪಟೆ ಮಾಡಿ ನನ್ನ ಮುಂದೆ ಇಡುತ್ತಿದ್ದ. ಒಣಗುವ ಮೊದಲು ನಾಣ್ಯ ಒತ್ತುವುದು ನನ್ನ ಕೆಲಸ. ಶಿರಸ್ತ್ರಾಣ, ಹೆಗಲ ಮೇಲೆ ಈಟಿ, ಎಡಗಡೆ ಗುರಾಣಿ. ವೀರಭದ್ರ ಎದ್ದು ಬರುತ್ತಿದ್ದ. ನಮ್ಮ ಮನೆಯ ವಿಭೂತಿ ಅಂದರೆ ವೀರಭದ್ರನ ಅಚ್ಚಿನದು ಅಂತ ಮಠದಲ್ಲೂ ಗುರುತು ಹಿಡಿಯುತ್ತಿದ್ದರು. ಹಾನಗಲ್ ಕಡೆಯ ಯಾರೋ ಭಕ್ತರು ಹೊಲದಲ್ಲಿ ಸಿಕ್ಕದ್ದು ಅಂತ ಮುತ್ತಜ್ಜನಿಗೆ ಕೊಟ್ಟ ನಾಣ್ಯ ಅದು. ನಾಲ್ಕು ತಲೆಮಾರು ಅದನ್ನೇ ಒತ್ತಿದ್ದೇವೆ.

ಸುತ್ತಲೂ ಏನೋ ಅಕ್ಷರ ಇತ್ತಲ್ಲ, ಯಾರಿಗೂ ಓದಲು ಬಾರದ್ದು. ಅದೇನಪ್ಪ ಅಂತ ಕೇಳಿದರೆ, "ನಿನ್ನ ಹೆಸರವಾ. ಯಾರಿಗೂ ಹೇಳಬ್ಯಾಡ" ಅನ್ನುತ್ತಿದ್ದ. ಇದು ನಿನಗೇ ಅಂತ ಎಷ್ಟು ಸಲ ಹೇಳಿದ್ದಾನೆ. ನಿನ್ನೆದುರಿಗೇ ಹೇಳಿದ್ದಾನೆ.

ನನ್ನ ಹತ್ತಿರ ಈಗ ಒಂದೇ ಒಂದು ವಿಭೂತಿ ಗಟ್ಟಿ ಉಳಿದಿದೆ. ಅಂಚು ಉದುರುತ್ತಿದೆ.

ಪಲ್ಲವಿ


ಗಿರಾವೀನ್, ಸಿಡ್ನಿ
೨೭ ಏಪ್ರಿಲ್ ೨೦೨೫

ಪಲ್ಲವಿ,

ವಿಭೂತಿ ಗಟ್ಟಿಯನ್ನು ಹತ್ತಿಯಲ್ಲಿ ಸುತ್ತಿ ಇಡು. ಹತ್ತಿ ಇಲ್ಲದಿದ್ದರೆ ಹಳೆಯ ಮೆತ್ತನೆಯ ಬಟ್ಟೆ. ಕಿಟಕಿ ಹತ್ತಿರ ಇಡಬೇಡ.

ಇಲ್ಲಿ ಈಸ್ಟರ್ ಅಂತ ನಾಲ್ಕು ದಿನ ರಜೆ. ಎಲ್ಲರೂ ಮನೆಯಲ್ಲೇ ಇದ್ದರು, ಅದೇ ತೊಂದರೆಯಾಯಿತು. ಶುಕ್ರವಾರ ಬೆಳಿಗ್ಗೆ ಶ್ರೀಲಕ್ಷ್ಮಿ ನನ್ನನ್ನು ಮೇಲೆ ಕರೆದಳು. ತನ್ನ ಕಪಾಟಿನಲ್ಲಿದ್ದದ್ದನ್ನೆಲ್ಲ ಹಾಸಿಗೆಯ ಮೇಲೆ ಸುರಿದಿದ್ದಳು. ಒಂದೊಂದನ್ನೇ ಎತ್ತಿ ತೋರಿಸಿದಳು.

"ನೋಡಿ ಅತ್ತೆ. ಇದು ನನ್ನ ಬಳೆ ಡಬ್ಬ. ಇದು ತುಮಕೂರಲ್ಲಿ ನಮ್ಮಮ್ಮ ಕೊಟ್ಟ ಓಲೆ. ಇದು ಆದ್ಯಾಳ ಗೆಜ್ಜೆ. ಇನ್ನೇನು ಚೆಕ್ ಮಾಡ್ಬೇಕು ಹೇಳಿ, ಅದನ್ನೂ ತೆಗೀತೀನಿ."

ನಾನು "ಬ್ಯಾಡವಾ, ಒಳಗಿಡು" ಅಂದೆ. ಅಷ್ಟೇ ಅಂದೆ.

ಆಕೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಇನ್ನೂ ಏನೋ ಹೇಳುತ್ತೇನೆ ಅಂತ ಕಾದಿರಬೇಕು. ಆಮೇಲೆ ಒಂದೊಂದಾಗಿ ಒಳಗಿಟ್ಟಳು. ಅವತ್ತಿನಿಂದ ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾಳೆ. ಊಟಕ್ಕೆ ಬನ್ನಿ. ಔಷಧಿ ತಗೊಂಡ್ರಾ. ಲೈಟ್ ಆಫ್ ಮಾಡಿ. ಅನ್ನದ ಮೇಲೆ ತುಪ್ಪ ಹಾಕುವುದನ್ನು ಮಾತ್ರ ಬಿಟ್ಟಿಲ್ಲ, ಮೊದಲಿನ ಹಾಗೇ ಹಾಕುತ್ತಾಳೆ.

ಅಭಿನವನೂ ಗ್ಯಾರೇಜಿನಲ್ಲಿದ್ದ ಪೆಟ್ಟಿಗೆಗಳನ್ನೆಲ್ಲ ತೆಗೆದು ನೋಡಿದ. ಆದ್ಯಾ ಅವನ ಹಿಂದೆ ಹಿಂದೆಯೇ ತಿರುಗುತ್ತಿದ್ದಳು. ಏಳು ವರ್ಷದ ಹುಡುಗಿಗೆ ಅದೊಂದು ಆಟ.

"ಅಜ್ಜಿ, ವಾಟ್ ಆರ್ ವಿ ಲುಕಿಂಗ್ ಫಾರ್?"

"ವೀರಭದ್ರ ದೇವರನ್ನವಾ."

"ಹೀ ಈಸ್ ಇನ್ ದ ಗ್ಯಾರೇಜ್?"

ಅಭಿನವ ನಕ್ಕ. ಅವನು ನಕ್ಕು ಬಹಳ ದಿನವಾಗಿತ್ತು. ಆಮೇಲೆ ಒಂದು ಪೆಟ್ಟಿಗೆಯ ಮೇಲೆ ಕೂತು, "ಅದರ ಸುತ್ತ ನನ್ನ ಹೆಸರು ಬರದೈತಿ ಅಂತ ಅಪ್ಪಾ ಹೇಳ್ತಿದ್ದ, ಸಣ್ಣಾವಿದ್ದಾಗ. ಯಾರಿಗೂ ಹೇಳಬ್ಯಾಡ ಅಂತಿದ್ದ" ಅಂದ. ನೀನು ಬರೆದದ್ದೂ ಅದೇ ಮಾತು.

ನನಗೆ ನಿದ್ದೆ ಬರುತ್ತದೆ, ಹಸಿವೂ ಆಗುತ್ತದೆ, ಅದೇ ನನಗೆ ಚಿಂತೆ. ನಲವತ್ತೊಂದು ವರ್ಷ ಜೊತೆಗಿದ್ದವರು ಹೋದರೆ ಹೀಗಿರಬೇಕೇ? ಚಂದ್ರಪ್ರಭಾ ಅವರನ್ನು ಕೇಳಿದೆ. ಒಬ್ಬೊಬ್ಬರಿಗೆ ಒಂದೊಂದು ಥರ ಅಂದರು.

ನಾಣ್ಯದ ವಿಷಯ ಬಿಟ್ಟುಬಿಡು ಪಲ್ಲವಿ. ನಿನ್ನ ಅಣ್ಣನಿಗೆ ಒಂದು ಫೋನ್ ಮಾಡು.

ನಿನ್ನ ಅವ್ವ


ಟಾರ್ನೀಟ್, ಮೆಲ್ಬರ್ನ್
೮ ಜೂನ್ ೨೦೨೫

ಅವ್ವ,

ಬಿಟ್ಟುಬಿಡು ಅಂದೆ ನೀನು. ಬಿಡಲಿಲ್ಲ, ಬೇರೊಂದು ಮಾಡಿದೆ.

ಕ್ಲಿನಿಕ್‌ನಲ್ಲಿ ಹಲ್ಲಿನ ಅಚ್ಚಿನೊಳಗೆ ಸುರಿಯುವ ಗಟ್ಟಿ ಪ್ಲಾಸ್ಟರ್ ಇರುತ್ತದೆ. ನೀರಲ್ಲಿ ಕಲಸಿ ಸುರಿದರೆ ಮುಕ್ಕಾಲು ತಾಸಿನಲ್ಲಿ ಕಲ್ಲಾಗುತ್ತದೆ. ಒಂದು ಶನಿವಾರ ಕೆಲಸ ಮುಗಿದ ಮೇಲೆ ಡಾಕ್ಟರನ್ನು ಕೇಳಿ ಸ್ವಲ್ಪ ತೆಗೆದುಕೊಂಡೆ. ವಿಭೂತಿಯ ಮೇಲೆ ಕೂದಲಿಗೆ ಹೊಡೆಯುವ ಸ್ಪ್ರೇಯನ್ನು ಮೂರು ಸಲ ಹೊಡೆದು ಒಣಗಿಸಿ, ಅದರ ಮೇಲೆ ಸುರಿದೆ. ಬಿಡಿಸುವಾಗ ವಿಭೂತಿ ಪುಡಿಪುಡಿಯಾಯಿತು. ಆದರೆ ನಾಣ್ಯದ ಮುಖ ಬಂತು. ಕೆನ್ನೆ, ಈಟಿ, ಗುರಾಣಿಯ ಮೇಲಿನ ಕುದುರೆ ಸವಾರ, ತಲೆಯ ಮೇಲೆ ದಾರ ಪೋಣಿಸುವ ಎರಡು ತೂತಿನ ಗುರುತು. ಎಲ್ಲ ಬಂತು. ಪುಡಿಯನ್ನು ಹಣೆಗೆ ಹಚ್ಚಿಕೊಂಡೆ.

ಅದನ್ನು ಕೌಂಟರಿನ ಮೇಲೆ ಒಣಗಲು ಇಟ್ಟಿದ್ದೆ. ಸೋಮವಾರ ಸ್ತೆಲಿಯೋಸ್ ಅಂತ ಒಬ್ಬ ಮುದುಕರು ಹಲ್ಲಿನ ಸೆಟ್ ಸರಿ ಮಾಡಿಸಲು ಬಂದಿದ್ದರು. ಗ್ರೀಕರು, ಐವತ್ತು ವರ್ಷದಿಂದ ಮೆಲ್ಬರ್ನ್‌ನಲ್ಲೇ ಇದ್ದಾರೆ, ಶನಿವಾರದ ಶಾಲೆಯಲ್ಲಿ ಮಕ್ಕಳಿಗೆ ಇತಿಹಾಸ ಹೇಳುತ್ತಿದ್ದವರು. ಅದನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ಬಾಯಲ್ಲಿ ಹಲ್ಲಿರಲಿಲ್ಲ, ಮಾತು ತಿಳಿಯಲಿಲ್ಲ. ಸೆಟ್ ಹಾಕಿಕೊಂಡು ಮತ್ತೆ ಹೇಳಿದರು.

"ಇವನು ನಿಮ್ಮ ಮನೆಯಲ್ಲಿ ಏನು ಮಾಡುತ್ತಿದ್ದ?"

ನಮ್ಮ ದೇವರು ಅಂದೆ.

"ಇರಬಹುದು. ನಮಗೆ ರಾಜ. ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ."

ಅಕ್ಷರ ಅರ್ಧ ಸವೆದಿದ್ದವು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದರು. ಅನಸ್ತಾಸಿಯಸ್. ಸಾವಿರದ ಐನೂರು ವರ್ಷದ ಹಿಂದಿನವನಂತೆ. ಆ ಕಾಲದಲ್ಲಿ ಆ ಊರಿನ ಬಂಗಾರದ ನಾಣ್ಯ ಎಲ್ಲ ದೇಶದಲ್ಲೂ ಓಡುತ್ತಿತ್ತಂತೆ. ಹಡಗಿನಲ್ಲಿ ನಮ್ಮ ಕಡೆಗೂ ಬರುತ್ತಿದ್ದವು, ನಮ್ಮವರು ಅದನ್ನು ಖರ್ಚು ಮಾಡದೆ ಎರಡು ತೂತು ಕೊರೆದು ಕೊರಳಿಗೆ ಹಾಕಿಕೊಳ್ಳುತ್ತಿದ್ದರು ಅಂದರು. ಹಿಂದಿನ ಮಗ್ಗುಲಲ್ಲಿ ರೆಕ್ಕೆಯ ಹೆಂಗಸು ಇರಬೇಕಲ್ಲ ಅಂತ ಅವರೇ ಕೇಳಿದರು. ಇದ್ದಳು ಅಂದೆ. ನಾವು ಅವಳನ್ನು ಭದ್ರಕಾಳಿ ಅನ್ನುತ್ತಿದ್ದೆವು. ಅವರು ನಗಲಿಲ್ಲ. ಅನಸ್ತಾಸಿಯಸ್ ಅಂದರೆ ಮತ್ತೆ ಎದ್ದು ಬಂದವನು, ತನ್ನ ಅಣ್ಣನ ಹೆಸರೂ ಅದೇ, ಅವನು ಎಂದೂ ಹೊತ್ತಿಗೆ ಸರಿಯಾಗಿ ಏಳಲಿಲ್ಲ ಅಂದರು.

ಅಂದರೆ ಅದು ನನ್ನ ಹೆಸರಲ್ಲ. ಅಣ್ಣನದೂ ಅಲ್ಲ. ಅಣ್ಣನಿಗೂ ಅಪ್ಪ ಹಾಗೇ ಹೇಳಿದ್ದ ಅನ್ನುವುದು ನಿನ್ನ ಕಾಗದದಿಂದಲೇ ಗೊತ್ತಾದದ್ದು. ಬೇಜಾರಾಗಬೇಕಿತ್ತು. ಆಗಲಿಲ್ಲ.

ಆದರೆ ನಾಣ್ಯ ನನಗೇ ಅಂದದ್ದು ಸುಳ್ಳಲ್ಲ. ವಿಭೂತಿ ಡಬ್ಬಿಯಲ್ಲಿ ಇದ್ದದ್ದು ತಾನಾಗಿ ಹೋಗುವುದಿಲ್ಲ. ಜೂನ್ ಮೂವತ್ತರವರೆಗೆ ಕಾಯುತ್ತೇನೆ. ಆಮೇಲೆ ಅಣ್ಣನಿಗೆ ನೇರವಾಗಿ ಬರೆಯುತ್ತೇನೆ. ನಿನ್ನ ಹೆಂಡತಿ ಅಪ್ಪನ ನಾಣ್ಯ ಕದ್ದಿದ್ದಾಳೆ, ಇನ್ನು ಮುಂದೆ ನಿನ್ನ ಮನೆಗೂ ನನಗೂ ಸಂಬಂಧವಿಲ್ಲ, ಅಪ್ಪನ ವರ್ಷದ ಪೂಜೆಗೂ ಬರುವುದಿಲ್ಲ, ಇಷ್ಟೇ ಬರೆಯುತ್ತೇನೆ. ಬರೆದಾಗಿದೆ. ಕಳಿಸುವುದು ಬಾಕಿ.

ಪಲ್ಲವಿ


ಗಿರಾವೀನ್, ಸಿಡ್ನಿ
೧೭ ಜೂನ್ ೨೦೨೫

ಪಲ್ಲವಿ,

ಆ ಕಾಗದ ಕಳಿಸಬೇಡ. ಶ್ರೀಲಕ್ಷ್ಮಿ ತೆಗೆದುಕೊಂಡಿಲ್ಲ. ನಾಣ್ಯ ನಿಮ್ಮ ಅಪ್ಪನ ಕೈಯಲ್ಲಿದೆ.

ಇದನ್ನು ಎರಡು ಸಲ ಬರೆದು ಹರಿದೆ. ಈಗ ಹರಿಯುವುದಿಲ್ಲ. ಅವತ್ತು ಹೇಗೆ ನಡೆಯಿತೋ ಹಾಗೆ ಬರೆಯುತ್ತೇನೆ.

ಮಣ್ಣು ಮಾಡುವ ದಿನ ಬೆಳಿಗ್ಗೆ, ಅವರನ್ನು ಇಟ್ಟಿದ್ದ ಕಡೆ ನೋಡಲು ಕಾಲು ತಾಸು ಸಮಯ ಕೊಟ್ಟರು. ನಿನ್ನ ವಿಮಾನ ತಡವಾಗಿತ್ತು, ನೀನು ನೇರವಾಗಿ ಮಣ್ಣಿಗೇ ಬರುವವಳಿದ್ದೆ. ಶ್ರೀಲಕ್ಷ್ಮಿ ಆದ್ಯಾಳನ್ನು ಹಿಡಿದುಕೊಂಡು ಕಾರಿನಲ್ಲಿ ಕೂತಿದ್ದಳು. ಅಭಿನವ ಹೊರಗೆ ಕಾಗದಕ್ಕೆ ಸಹಿ ಮಾಡುತ್ತಿದ್ದ. ಹಣೆಗೆ ಹಚ್ಚೋಣ ಅಂತ ನಾನು ವಿಭೂತಿ ಡಬ್ಬಿ ತೆಗೆದುಕೊಂಡು ಒಬ್ಬಳೇ ಒಳಗೆ ಹೋದೆ. ನಾಣ್ಯ ಅದರಲ್ಲೇ ಇತ್ತು.

ಕೋಟು ಹಾಕಿ ಮಲಗಿಸಿದ್ದರು. ನಾನು ಮೊದಲು ಕೊರಳು ನೋಡಿದೆ. ಕೊರಳು ಬರಿದಾಗಿತ್ತು. ಲಿಂಗ ಇಡುವ ಕರಡಿಗೆ ಇರಲಿಲ್ಲ, ಲಿಂಗ ಇರಲಿಲ್ಲ, ದಾರವೂ ಇರಲಿಲ್ಲ. ಹನ್ನೆರಡನೇ ವಯಸ್ಸಿನಿಂದ ಆ ಲಿಂಗ ಅವರ ಮೈಮೇಲೆ ಇತ್ತು. ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವಾಗ ತೆಗೆದಿದ್ದಾರೆ ಅನ್ನುವುದು ಆಮೇಲೆ ಗೊತ್ತಾಯಿತು. ಆಗ ಗೊತ್ತಿರಲಿಲ್ಲ. ನಮ್ಮಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟೇ ಮಣ್ಣು ಮಾಡುವುದು. ಮೊದಲೇ ಅವರನ್ನು ಕೂರಿಸಲು ಆಗುವುದಿಲ್ಲ, ಈ ದೇಶದಲ್ಲಿ ಮಲಗಿಸಿಯೇ ಇಡಬೇಕು ಅಂದಿದ್ದರು. ಅದಕ್ಕೂ ಒಪ್ಪಿದ್ದೆ. ಈಗ ಕೈಯೂ ಖಾಲಿ.

ಯಾರನ್ನು ಕರೆಯಬೇಕಿತ್ತು? ಅಭಿನವನಿಗೆ ಹೇಳಿದರೆ ಅವನು ಅಲ್ಲೇ ಕುಸಿಯುತ್ತಿದ್ದ, ಎರಡು ರಾತ್ರಿ ಅವನು ಮಲಗಿರಲಿಲ್ಲ. ಕಾಲು ತಾಸಿನಲ್ಲಿ ಎಷ್ಟು ಉಳಿದಿದೆಯೋ ಅನ್ನುವುದೇ ನನಗೆ ಚಿಂತೆ. ಗೋಡೆಯ ಗಡಿಯಾರ ಓಡುತ್ತಿತ್ತೋ ನಿಂತಿತ್ತೋ ಅದೂ ತಿಳಿಯಲಿಲ್ಲ. ಡಬ್ಬಿಯಿಂದ ವೀರಭದ್ರನನ್ನು ತೆಗೆದೆ. ಅವರ ಎಡಗೈಯ ಬೆರಳು ಒಂದೊಂದನ್ನೇ ಎತ್ತಿದೆ. ಫ್ರಿಜ್ಜಿನಿಂದ ತೆಗೆದ ಕಣಕದ ಹಾಗೆ ತಣ್ಣಗಿದ್ದವು. ಅಂಗೈಯಲ್ಲಿಟ್ಟು ಬೆರಳು ಮುಚ್ಚಿದೆ. ಮುಚ್ಚಿಕೊಂಡೇ ಉಳಿದವು.

ಕುಣಿಯ ಹತ್ತಿರ ಗುರುಬಸವ ಮಂತ್ರ ಹೇಳುವ ಮೊದಲು ನನ್ನನ್ನು ಕೇಳಿದರು. ನಾರ್ವೆಸ್ಟ್‌ನಲ್ಲಿ ಅಭಿನವನ ಆಫೀಸಿನಲ್ಲೇ ಇರುವವರು, ಬೆಳಗಾವಿ ಕಡೆಯ ಜಂಗಮ ಅಯ್ಯನವರ ಮಗ. ನೀನು ನೋಡಿದ್ದೀ.

"ಅವ್ವಾರ, ಕೈಯಾಗ ಲಿಂಗ ಐತಿಲ್ರಿ?"

"ಐತ್ರಿ."

ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ನಿನಗೂ ಕೇಳಿಸಿರಬೇಕು.

ನಾಲ್ಕನೇ ದಿನ ನೀನು ಡಬ್ಬಿ ತೆಗೆದಾಗ ಹೇಳಬೇಕಿತ್ತು. ಹೇಳಿದರೆ ಲಿಂಗ ಎಲ್ಲಿ ಅಂತ ಕೇಳುತ್ತೀರಿ. ಇಲ್ಲ ಅಂದರೆ ಬರಿಗೈಯಲ್ಲಿ ಕಳಿಸಿದೆಯಾ ಅನ್ನುತ್ತೀರಿ. ಹೀಗೆ ಯೋಚಿಸುವಷ್ಟರಲ್ಲಿ ಜಗಳ ನನ್ನನ್ನು ದಾಟಿ ಹೋಗಿತ್ತು. ಮರುದಿನ ಶ್ರೀಲಕ್ಷ್ಮಿ ಆಸ್ಪತ್ರೆಯಿಂದ ಅವರ ಸಾಮಾನಿನ ಚೀಲ ತಂದಳು. ಕನ್ನಡಕ, ವಾಚು, ಕಾಲುಚೀಲ, ಒಂದು ಪ್ಲಾಸ್ಟಿಕ್ ಪಾಕೀಟಿನಲ್ಲಿ ಕರಡಿಗೆ. ಆಕೆ ಬಿಚ್ಚಿಯೂ ನೋಡದೆ ನನ್ನ ಕೈಗೆ ಕೊಟ್ಟಳು. ನೋಡು ಪಲ್ಲವಿ, ಆಕೆ ಬಿಚ್ಚಿಯೂ ನೋಡಲಿಲ್ಲ.

ಲಿಂಗ ಈಗ ನನ್ನ ಟ್ರಂಕಿನಲ್ಲಿ, ಸ್ವೆಟರುಗಳ ಕೆಳಗಿದೆ. ನಾಣ್ಯ ಮಣ್ಣಿನಲ್ಲಿದೆ. ಎರಡೂ ಇರಬೇಕಾದ ಕಡೆ ಇಲ್ಲ. ಎರಡೂ ನನ್ನ ಕೈಯಿಂದಲೇ ಆದದ್ದು.

ಅವನು ವೀರಭದ್ರನೇ ಅಲ್ಲ, ಬೇರೆ ದೇಶದ ರಾಜ ಅಂತ ನೀನು ಬರೆದೆ. ಮತ್ತೆ ಎದ್ದು ಬಂದವನು ಅಂತ ಅರ್ಥ ಅಂದೆ. ಓದಿ ನನಗೆ ಏನೂ ಅನಿಸಲಿಲ್ಲ. ಎದ್ದು ಹೋಗಿ ಗ್ಯಾಸ್ ನೋಡಿ ಬಂದೆ.

ಈ ಕಾಗದಕ್ಕೆ ಮೂರು ಸ್ಟ್ಯಾಂಪ್ ಹಚ್ಚಿದ್ದೇನೆ.

ನಿನ್ನ ಅವ್ವ


ಗಿರಾವೀನ್, ಸಿಡ್ನಿ
೨೦ ಜುಲೈ ೨೦೨೫

ಪಲ್ಲವಿ,

ಹೋದ ಸಲದ ಕಾಗದ ಮುಟ್ಟಿತೇ? ಜೂನ್ ಹದಿನೇಳನೇ ತಾರೀಖಿನದು. ಬೇರೆಯವರ ಮನೆಗೆ ಹೋಯಿತೇನೋ ಅಂತ ಚಿಂತೆಯಾಗಿದೆ. ಅಲ್ಲಿ ಎಲ್ಲ ಮನೆ ಒಂದೇ ಥರ ಇರುತ್ತವೆ ಅಂತ ನೀನೇ ಹೇಳಿದ್ದೆ. ಕನ್ನಡ ಓದಲು ಬರುವವರ ಮನೆಗೆ ಹೋಗಿರದಿದ್ದರೆ ಸಾಕು.

ಅಭಿನವನಿಗೆ ನಿನ್ನಿಂದ ಏನೂ ಬಂದಿಲ್ಲ. ಅಷ್ಟರಮಟ್ಟಿಗೆ ಮುಟ್ಟಿದೆ ಅಂದುಕೊಳ್ಳುತ್ತೇನೆ.

ಅವ್ವ


ಟಾರ್ನೀಟ್, ಮೆಲ್ಬರ್ನ್
೨೪ ಆಗಸ್ಟ್ ೨೦೨೫

ಅವ್ವ,

ಎರಡೂ ಮುಟ್ಟಿವೆ.

ಒಂಬತ್ತು ವಾರ ಬರೆಯಲಿಲ್ಲ. 'ಐತ್ರಿ' ಅಂದದ್ದು ನನಗೂ ಕೇಳಿಸಿತ್ತು. ಸಿಟ್ಟು ಬರಲಿ, ಬಂದ ಮೇಲೆ ಬರೆಯೋಣ ಅಂತ ಕಾದೆ. ಬರಲಿಲ್ಲ. ಟ್ರೇನಿನಲ್ಲಿ ಹೋಗುತ್ತೇನೆ, ಬರುತ್ತೇನೆ, ನಿನ್ನ ಕಾಗದ ಬ್ಯಾಗಿನಲ್ಲೇ ಇರುತ್ತದೆ. ಯೋಗೀಶ ಓದಿ, "ಪಾಪ ಅತ್ತಿಯವ್ರು" ಅಂದ. ನನಗೆ ಪಾಪ ಅಂತಲೂ ಅನಿಸಲಿಲ್ಲ.

ನಾಣ್ಯ ಬೇಡ. ಅದು ಅಲ್ಲೇ ಇರಲಿ. ಹೊಲದ ಮಣ್ಣಿನಿಂದ ಬಂದದ್ದು ಮಣ್ಣಿನಲ್ಲೇ ಇದೆ.

ಆದರೆ ಇನ್ನೊಂದು ಇದೆ. ನಾನು ವೈನಿಯನ್ನು ಅವರ ಮನೆಯಲ್ಲೇ ನಿಂತು ಕಳ್ಳಿ ಅಂದೆ. ನೀನು ಎದುರಿಗೆ ಕೂತಿದ್ದೆ. ಈಸ್ಟರ್‌ನಲ್ಲಿ ಅವರು ಕಪಾಟು ಸುರಿದು ತೋರಿಸಿದರು. ಆಗಲೂ ನೀನು ಎದುರಿಗೆ ನಿಂತಿದ್ದೆ. ಅಪ್ಪನ ಕೈಗೆ ನಾಣ್ಯ ಕೊಟ್ಟದ್ದಕ್ಕೆ ನನಗೆ ನಿನ್ನ ಮೇಲೆ ಬೇಸರವೇನೂ ಇಲ್ಲ. ಇದಕ್ಕೆ ಇದೆ.

ವೈನಿಗೆ ನೀನೇ ಹೇಳು. ಕಾಗದದಲ್ಲಲ್ಲ, ಬಾಯಿಂದ. ನೀನು ಹೇಳಿದ ಮೇಲೆ ನಾನು ಫೋನ್ ಮಾಡಿ ಅವರ ಹತ್ತಿರ ತಪ್ಪಾಯಿತು ಅನ್ನುತ್ತೇನೆ. ಅದಕ್ಕಿಂತ ಮೊದಲು ಅಂದರೆ ಯಾಕೆ ಅಂತ ಕೇಳುತ್ತಾರೆ. ಅದನ್ನು ನಾನು ಹೇಳುವುದಿಲ್ಲ. ಅದು ನಿನ್ನದು.

ಲಿಂಗವನ್ನು ಸ್ವೆಟರಿನ ಕೆಳಗೆ ಇಡಬೇಡ. ಏನು ಮಾಡಬೇಕು ಅಂತ ಗುರುಬಸವ ಅವರನ್ನು ಕೇಳು.

ಜೊತೆಗೆ ಒಂದು ಡಬ್ಬಿ ಕಳಿಸಿದ್ದೇನೆ. ಅದರಲ್ಲಿ ಆ ಪ್ಲಾಸ್ಟರಿನ ನಾಣ್ಯ ಇದೆ. ಅದರಿಂದ ಅಚ್ಚು ತೆಗೆದು ಮಾಡಿದ ಇನ್ನೊಂದು ನನ್ನ ಹತ್ತಿರ ಇದೆ.

ಪಲ್ಲವಿ


ಗಿರಾವೀನ್, ಸಿಡ್ನಿ
೨ ನವೆಂಬರ್ ೨೦೨೫

ಪಲ್ಲವಿ,

ಹೇಳಲು ಎರಡು ತಿಂಗಳು ಬೇಕಾಯಿತು. ಇವತ್ತು ಹೇಳುತ್ತೇನೆ ಅಂತ ದಿನಾ ಏಳುತ್ತಿದ್ದೆ. ಏನಾದರೂ ಒಂದು ಅಡ್ಡ ಬರುತ್ತಿತ್ತು. ಆದ್ಯಾಳಿಗೆ ಜ್ವರ. ವಾಷಿಂಗ್ ಮಷೀನಿನ ನೀರು ಸೋರಿತು. ಅಡ್ಡ ಬಾರದ ದಿನ ಅಡ್ಡ ಬರಲಿ ಅಂತ ಕಾಯುತ್ತಿದ್ದೆ.

ಹೋದ ಮಂಗಳವಾರ ಶ್ರೀಲಕ್ಷ್ಮಿ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಊಟದ ಮೇಜಿನ ಮೇಲೆ ಕಂಪ್ಯೂಟರ್, ಕಿವಿಯಲ್ಲಿ ಆ ಬಿಳಿಯದು. ನಾನು ಹೋಗಿ ಎದುರಿಗೆ ನಿಂತು, "ನಾಣ್ಯ ನಾ ನಿಮ್ಮ ಮಾವನ ಕೈಯಾಗ ಇಟ್ಟೀನಿ" ಅಂದುಬಿಟ್ಟೆ.

"ಒಂದ್ನಿಮಿಷ ಅತ್ತೆ, ಮೀಟಿಂಗಲ್ಲಿದೀನಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಏನಂದ್ರಿ?"

ಮತ್ತೆ ಹೇಳಿದೆ. ಈ ಸಲ ಪೂರಾ ಹೇಳಿದೆ, ಬರಿದಾದ ಕೊರಳು, ಲಿಂಗ, ಚೀಲ, ಟ್ರಂಕು, ಎಲ್ಲ. ಕಂಪ್ಯೂಟರಿನಲ್ಲಿ ಯಾರೋ ಅವಳ ಹೆಸರು ಹಿಡಿದು ಕರೆಯುತ್ತಿದ್ದರು. ಅವಳು ಅದನ್ನು ಮುಚ್ಚಿದಳು.

"ಪಲ್ಲವಿಗೆ ಹೇಳಿದೀರಾ?"

"ಹ್ಞೂ. ಜೂನ್‌ದಾಗ."

"ನನಗಿಂತ ಮೊದ್ಲೇ."

"ಹ್ಞೂ."

"ಒಂಬತ್ತು ತಿಂಗಳು, ಅತ್ತೆ."

ನಾನು ಲೆಕ್ಕ ಹಾಕಿದೆ. ಸರಿಯಾಗಿತ್ತು. ಆಕೆ ಎದ್ದು ಸಿಂಕಿನ ಹತ್ತಿರ ಹೋಗಿ ನಲ್ಲಿ ಬಿಟ್ಟಳು, ಏನೂ ತೊಳೆಯಲಿಲ್ಲ, ನಿಲ್ಲಿಸಿದಳು. ಅವತ್ತು ಊಟಕ್ಕೆ ಬನ್ನಿ ಅನ್ನಲಿಲ್ಲ. ನಾನೇ ಬಡಿಸಿಕೊಂಡೆ. ಅನ್ನದ ಮೇಲೆ ತುಪ್ಪ ಇರಲಿಲ್ಲ. ನಾನು ಹಾಕಿಕೊಳ್ಳಲೂ ಇಲ್ಲ.

ಅಭಿನವನಿಗೆ ಆಕೆಯೇ ಹೇಳಿದ್ದಾಳೆ. ಅವನು ನನ್ನ ಕೋಣೆಗೆ ಬಂದು ಮಂಚದ ತುದಿಗೆ ಕೂತ. "ಸ್ಕ್ಯಾನಿಗೆ ಲಿಂಗ ತಗದಿದ್ದು ನನ್ನ ಎದುರಿಗೇ, ಅವ್ವ. ಇಸ್ಕೋಬೇಕಿತ್ತು ನಾ. ಮರತೆ" ಅಂದ.

ಗುರುಬಸವ ಅವರಿಗೆ ಫೋನ್ ಮಾಡಿಸಿದೆ. "ನಾನೂ ಬೆರಳು ಬಿಡಿಸಿ ನೋಡಬೇಕಿತ್ರಿ ಅವ್ವಾರ, ನಿಮ್ಮನ್ನ ಕೇಳಿ ಬಿಟ್ಟೆ" ಅಂದರು. ತಗ್ಗು ತೋಡಿ ಅವರ ಎಡಗೈ ಇರುವ ಮಗ್ಗುಲಿಗೆ ಇಡಿ, ಹೆಚ್ಚು ಜನರನ್ನು ಕೇಳುತ್ತ ಕೂಡಬೇಡಿ ಅಂದರು.

ನಿನ್ನೆ ಶನಿವಾರ ಹೋದೆವು. ಶ್ರೀಲಕ್ಷ್ಮಿ ತಾನಾಗಿಯೇ ಕಾರಿನ ಕೀಲಿ ತೆಗೆದುಕೊಂಡು ಹೊರಟಳು. ಅಭಿನವ, ಆದ್ಯಾ, ನಾನು. ದಾರಿ ತುಂಬ ನೇರಳೆ ಹೂವಿನ ಮರಗಳು, ಕಾರಿನ ಗಾಜಿಗೆ ಅಂಟಿಕೊಳ್ಳುತ್ತಿದ್ದವು. ಗುದ್ದಲಿ ಒಯ್ದರೆ ಹಿಡಿಯುತ್ತಾರೆ ಅಂತ ನಾನು ಅಡುಗೆಮನೆಯ ದೊಡ್ಡ ಸೌಟನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೆ. ಅಲ್ಲಿ ಒಬ್ಬ ಮನುಷ್ಯ ಹುಲ್ಲು ಕತ್ತರಿಸುವ ಗಾಡಿ ಓಡಿಸುತ್ತಿದ್ದ. ಅವನು ತಿರುಗಿದಾಗಲೆಲ್ಲ ನಾನು ತೋಡುವುದನ್ನು ನಿಲ್ಲಿಸುತ್ತಿದ್ದೆ.

"ಅಜ್ಜಿ, ಆರ್ ವಿ ಅಲೌಡ್?" ಅಂತ ಆದ್ಯಾ ಕೇಳಿದಳು.

"ಹೂವಿನ ಗಿಡ ನೆಡ್ತಿದೀವಿ ಅಂತ ಹೇಳು" ಅಂದಳು ಶ್ರೀಲಕ್ಷ್ಮಿ. ನನ್ನ ಕೈಯಿಂದ ಸೌಟು ತೆಗೆದುಕೊಂಡು ಮಂಡಿಯೂರಿ ಆಕೆಯೇ ತೋಡಿದಳು. ಮೇಲೆ ಗಟ್ಟಿ, ಕೆಳಗೆ ಹಳದಿ ಜಿಗುಟು ಮಣ್ಣು. ಒಂದು ಗೇಣು ಹೋಗುವಷ್ಟರಲ್ಲಿ ಸೌಟಿನ ಹಿಡಿ ಬಾಗಿತು. ಕರಡಿಗೆಯನ್ನು ಅಭಿನವ ಇಟ್ಟ. ಹಣೆಗೆ ಹಚ್ಚುವಷ್ಟು ವಿಭೂತಿ ನಾನು ಹಾಕಿದೆ. ಮಣ್ಣು ಎಳೆದೆವು.

ನೀನು ಕಳಿಸಿದ ಪ್ಲಾಸ್ಟರನ್ನು ಜೊತೆಗೆ ಒಯ್ದಿದ್ದೆ. ಅದನ್ನೂ ಇಡೋಣ ಅಂತಿದ್ದೆ, ಕೊನೆಗೆ ಇಡಲು ಮನಸ್ಸಾಗಲಿಲ್ಲ. ಶ್ರೀಲಕ್ಷ್ಮಿ ಮಣ್ಣಾದ ಕೈಯನ್ನು ಹುಲ್ಲಿಗೆ ಒರೆಸಿಕೊಂಡು ಅದನ್ನು ನನ್ನಿಂದ ಇಸಿದುಕೊಂಡಳು. ಬಹಳ ಹೊತ್ತು ನೋಡಿದಳು. ಸುತ್ತಲಿನ ಅಕ್ಷರಗಳ ಮೇಲೆ ಉಗುರು ಆಡಿಸಿದಳು.

"ಇದ್ರಲ್ಲಿ ನನ್ನ ಹೆಸರಿದೆ ಅಂತ ಹೇಳಿದ್ರು ಮಾವ. ಮದುವೆಯಾದ ಹೊಸದ್ರಲ್ಲಿ, ಹುಬ್ಬಳ್ಳಿ ಮನೇಲಿ. ಯಾರಿಗೂ ಹೇಳ್ಬೇಡಮ್ಮ ಅಂದಿದ್ರು. ಅದಕ್ಕೇ ಅವತ್ತು ಪಲ್ಲವಿ ಕೇಳಿದಾಗಲೂ ನಾನು ಇದನ್ನ ಹೇಳ್ಲಿಲ್ಲ."

ಅಭಿನವ ಬೇರೆ ಕಡೆ ನೋಡಿದ. ಆದ್ಯಾ ಅದನ್ನು ಕಸಿದುಕೊಂಡು, ತನ್ನ ಹೆಸರು ಎಲ್ಲಿದೆ ಅಂತ ಹುಡುಕಲು ಕೂತಳು. ಅದು ಬೇರೆ ಯಾರದೋ ಹೆಸರು ಅಂತ ನಾನು ಹೇಳಲಿಲ್ಲ.

ಮನೆಗೆ ಬಂದು ಸೌಟು ತೊಳೆದೆ. ಹಿಡಿ ನೆಟ್ಟಗಾಗಲಿಲ್ಲ. ರಾತ್ರಿ ಊಟಕ್ಕೆ ಶ್ರೀಲಕ್ಷ್ಮಿ ಕರೆದಳು, ತುಪ್ಪದ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಹಾಕಲಿಲ್ಲ, ಸರಿಸಿದಳು. ನೀನು ಫೋನ್ ಮಾಡುವುದಾದರೆ ಆಕೆಗೆ ಮಾಡು. ಸಂಜೆ ಆರರ ನಂತರ ಬಿಡುವಾಗಿರುತ್ತಾಳೆ.

ಮಲಗಿದ ಮೇಲೆ ಯೋಚಿಸಿದೆ. ನಿನಗೆ ಹೇಳಿದ್ದರು, ಅಭಿನವನಿಗೆ ಹೇಳಿದ್ದರು, ಮನೆಗೆ ಬಂದ ಸೊಸೆಗೆ ಹೇಳಿದ್ದರು. ನಲವತ್ತೊಂದು ವರ್ಷ ಆ ಡಬ್ಬಿಯನ್ನು ದಿನಾ ಒರೆಸಿ ಇಟ್ಟವಳು ನಾನು. ನನಗೆ ಹೇಳಿರಲಿಲ್ಲ.

ನಾನು ಕೇಳಿಯೂ ಇರಲಿಲ್ಲ. ಹೆಚ್ಚು ಓದದವಳು, ಕೇಳಿ ಏನು ಮಾಡುವುದು ಅಂದುಕೊಂಡಿದ್ದೆ.

ನಿನ್ನ ಅವ್ವ
ಗಿರಿಜವ್ವ